ತಪ್ಪಿಗೂ ಒಂದು ಕೈ: ಪ್ರತಿಕಾಯ ಜೀನಿನ ಬದಲಾವಣೆಗಳನ್ನು ಓದುವುದು ಹೇಗೆ

ನಮ್ಮ ಕಾಕಾ ಧಾರವಾಡದ ಮನೆಯ ಮಾಳಿಗೆ ಕೋಣೆಯಲ್ಲಿ ಕೂತು ತಾಳೆಗರಿ ಪ್ರತಿಗಳನ್ನು ಓದುತ್ತಿದ್ದರು. ಒಂದೇ ಕಾವ್ಯದ ಮೂರು ನಾಲ್ಕು ಪ್ರತಿ ಎದುರಿಗೆ ಹರವಿಕೊಂಡು ಪಾಠಾಂತರ ಗುರುತಿಸುವುದು ಅವರ ಕೆಲಸ. ಬೇಸಿಗೆ ರಜೆಯಲ್ಲಿ ನಾನು ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. "ತಪ್ಪಿಗೂ ಒಂದ್ ಕೈ ಇರ್ತದವಾ" ಅನ್ನುತ್ತಿದ್ದರು. "ಕೇಳಿ ಬರದಾಂವ ಶ ಇದ್ದಲ್ಲೆ ಸ ಬರೀತಾನ. ನೋಡಿ ಬರದಾಂವ ಪ ಇದ್ದಲ್ಲೆ ವ ಬರೀತಾನ. ಹುಳ ತಿಂದ ತೂತು ಬಂದ್ರ ತನಗ ತೋಚಿದ್ದು ತುಂಬತಾನ. ಎಷ್ಟು ತಪ್ಪು ಅಂತ ಎಣಸಬ್ಯಾಡ, ಎಂಥಾ ತಪ್ಪು ಅಂತ ನೋಡು."

ಎಷ್ಟೋ ವರ್ಷದ ಮೇಲೆ ಹೊರದೇಶದ ಒಂದು ಲ್ಯಾಬಿನಲ್ಲಿ ಇಲಿಯ ಪ್ರತಿಕಾಯ ಜೀನಿನ ಸಾಲುಗಳನ್ನು ಓದಲು ಕೂತಾಗ ನನಗೆ ನೆರವಾದದ್ದು ಈ ಮಾತು. ಈಗ ಎಂ.ಎಸ್ಸಿ. ಪ್ರಾಜೆಕ್ಟಿಗೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ಇದನ್ನೇ ಹೇಳುತ್ತೇನೆ. ಅವರಿಗೆ ಕಲಿಸುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಲ್ಯಾಬು ಬೇಕಿಲ್ಲ. ಇಂಟರ್‌ನೆಟ್ಟು, ಒಂದು ಎಕ್ಸೆಲ್ ಹಾಳೆ, ನಾಲ್ಕು ಬಣ್ಣದ ಪೆನ್ನು ಸಾಕು. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕು ಅಕ್ಷರ, ಎ ಎದುರು ಟಿ, ಜಿ ಎದುರು ಸಿ ಅನ್ನುವಷ್ಟು ಗೊತ್ತಿದ್ದರೆ ಆಯಿತು.

ಮೊದಲು ತೂತಿನ ಕಥೆ

ಜ್ವರವೋ ಲಸಿಕೆಯೋ ಬಂದಾಗ ಕಂಕುಳಲ್ಲಿ, ಕತ್ತಿನಲ್ಲಿ ಗಂಟು ಊದುತ್ತದಲ್ಲ, ಆ ದುಗ್ಧಗ್ರಂಥಿಗಳೊಳಗೆ ಜರ್ಮಿನಲ್ ಸೆಂಟರ್ ಅನ್ನುವ ಗುಂಪುಗಳಲ್ಲಿ, ಪ್ರತಿಕಾಯ ಅಂದರೆ ರೋಗಾಣು ಹಿಡಿಯುವ ಪ್ರೋಟೀನು ತಯಾರಿಸುವ ಬಿ-ಕೋಶಗಳು ಬೇಗ ಬೇಗ ಒಡೆದು ಎರಡಾಗುತ್ತಿರುತ್ತವೆ. ಒಡೆಯುವಾಗ ತಮ್ಮ ಪ್ರತಿಕಾಯದ ಜೀನನ್ನು ತಾವೇ ಕೆಡಿಸಿಕೊಳ್ಳುತ್ತವೆ. ಸಾವಿರ ಅಕ್ಷರಕ್ಕೆ ಸುಮಾರು ಒಂದು ತಪ್ಪು, ಪ್ರತಿ ಸಲ ಒಡೆದಾಗಲೂ. ನಮ್ಮ ಉಳಿದ ಜೀನುಗಳಿಗೆ ಹೋಲಿಸಿದರೆ ಇದು ಹತ್ತಿರ ಹತ್ತಿರ ಹತ್ತು ಲಕ್ಷ ಪಟ್ಟು ಜಾಸ್ತಿ. ಆ ಜೀನಿನಲ್ಲಿ ರೋಗಾಣು ಹಿಡಿಯುವ ತುದಿಯನ್ನು ಬರೆಯುವ, ಸುಮಾರು 300 ಅಕ್ಷರದ ವಿ ಭಾಗಕ್ಕೆ ಈ ಲೆಕ್ಕ ಹಾಕಿದರೆ ಕೋಶ ಮೂರು ಸಲ ಒಡೆಯುವಷ್ಟರಲ್ಲಿ ಒಂದು ಅಕ್ಷರ ಬದಲಾಗಿರುತ್ತದೆ. ಕೆಟ್ಟವು ಸಾಯುತ್ತವೆ, ರೋಗಾಣುವನ್ನು ಇನ್ನೂ ಬಿಗಿಯಾಗಿ ಹಿಡಿಯುವವು ಉಳಿಯುತ್ತವೆ. ಇದಕ್ಕೆ ಸೊಮ್ಯಾಟಿಕ್ ಹೈಪರ್‌ಮ್ಯುಟೇಶನ್ ಅಂತ ಹೆಸರು.

ಕೆಡಿಸುವ ಮೊದಲ ಕೈ ಎಐಡಿ ಅನ್ನುವ ಎಂಜೈಮು. 1999ರಲ್ಲಿ ಕ್ಯೋಟೋದ ತಾಸುಕು ಹೊಂಜೊ ಅವರ ಲ್ಯಾಬು ಇದನ್ನು ಕಂಡುಹಿಡಿಯಿತು. ಹೆಸರು ಕೇಳಿ ಕಾಯಿಲೆಯ ನೆನಪು ಮಾಡಿಕೊಳ್ಳಬೇಡಿ, ಸಂಬಂಧವಿಲ್ಲ. ಎಐಡಿ ಮಾಡುವುದು ಒಂದೇ ಕೆಲಸ: ಸಿ ಅಕ್ಷರದಿಂದ ಅಮೈನೋ ಗುಂಪು ಕಿತ್ತು ಅದನ್ನು ಯು ಮಾಡುವುದು. ಯು ಆರ್‌ಎನ್‌ಎಯ ಅಕ್ಷರ, ಡಿಎನ್‌ಎಯಲ್ಲಿ ಅದಕ್ಕೆ ಜಾಗವಿಲ್ಲ.

ಇಲ್ಲಿ ಒಂದು ಒಗಟಿದೆ. ಎಐಡಿ ಮುಟ್ಟುವುದು ಸಿ ಮಾತ್ರ. ಅದು ಎರಡು ಎಳೆಗಳಲ್ಲಿ ಯಾವುದರ ಮೇಲಾದರೂ ಇರಬಹುದು, ಹಾಗಾಗಿ ನಮ್ಮ ಕಣ್ಣಿಗೆ ಸಿ ಅಥವಾ ಜಿ ಬದಲಾದಂತೆ ಕಾಣುತ್ತದೆ. ಆದರೆ ಇಲಿಯದೋ ಮನುಷ್ಯನದೋ ಪ್ರತಿಕಾಯ ಜೀನು ಓದಿದರೆ ಹೆಚ್ಚುಕಡಿಮೆ ಅರ್ಧದಷ್ಟು ಬದಲಾವಣೆ ಎ ಮತ್ತು ಟಿ ಮೇಲಿರುತ್ತವೆ. ಎಐಡಿ ಮುಟ್ಟದ ಅಕ್ಷರ ಕೆಟ್ಟದ್ದು ಹೇಗೆ?

ಉತ್ತರ ಇರುವುದು ಹಾನಿ ಸಹಿಷ್ಣುತೆಯಲ್ಲಿ. ಲ್ಯಾಬಿನಲ್ಲಿ ನಾವು ಟಾಲರೆನ್ಸ್ ಅಂತಲೇ ಅನ್ನುತ್ತಿದ್ದೆವು. ಇದು ರಿಪೇರಿ ಅಲ್ಲ, ಅದನ್ನು ಮೊದಲೇ ತಲೆಯಲ್ಲಿ ಕೂರಿಸಿಕೊಳ್ಳಿ. ರಿಪೇರಿ ಅಂದರೆ ಗರಿಯ ತೂತು ಮುಚ್ಚಿ ಮೂಲ ಅಕ್ಷರ ಮತ್ತೆ ಬರೆಯುವುದು. ಟಾಲರೆನ್ಸ್ ಅಂದರೆ ತೂತು ಹಾಗೇ ಇರಲಿ, ನಕಲು ನಿಲ್ಲಬಾರದು ಅಂತ ಏನೋ ಒಂದು ಅಕ್ಷರ ಹಾಕಿ ಮುಂದೆ ಹೋಗುವುದು. ಡಿಎನ್‌ಎ ನಕಲು ಮಾಡುವ ಮಾಮೂಲಿ ಪಾಲಿಮರೇಸ್‌ಗಳು ಬಲು ಕಟ್ಟುನಿಟ್ಟು. ಅಕ್ಷರ ಸರಿಯಾಗಿ ಕೂರದಿದ್ದರೆ ಅಲ್ಲೇ ನಿಂತುಬಿಡುತ್ತವೆ. ನಿಂತರೆ ಕೋಶಕ್ಕೇ ಕುತ್ತು. ಅದಕ್ಕೇ ನಮ್ಮ ಎಲ್ಲ ಕೋಶಗಳಲ್ಲೂ ಇನ್ನೊಂದು ಜಾತಿಯ ಪಾಲಿಮರೇಸ್‌ಗಳಿವೆ: ಈಟಾ, ಐಯೋಟಾ, ಕಪ್ಪಾ, ರೆವ್1, ಜೀಟಾ. ಇವುಗಳ ಬಾಯಿ ಅಗಲ, ತಾವು ಬರೆದದ್ದನ್ನು ತಾವೇ ತಿದ್ದುವ ಅಭ್ಯಾಸವಿಲ್ಲ, ಎಂಥ ತೂತನ್ನೂ ದಾಟುತ್ತವೆ.

ಇವನ್ನು ಕರೆಯುವ ಗಂಟೆ ಪಿಸಿಎನ್‌ಎ. ಮೂರು ತುಂಡು ಸೇರಿ ಆದ ಪ್ರೋಟೀನಿನ ಬಳೆ ಅದು. ಡಿಎನ್‌ಎಗೆ ತೊಡಿಸಿದಂತೆ ಕೂತು ಪಾಲಿಮರೇಸನ್ನು ಹಿಡಿದಿಟ್ಟುಕೊಂಡು ಜಾರುತ್ತದೆ. ನಕಲು ನಿಂತಾಗ ಆ ಬಳೆಯ 164ನೇ ಅಮೈನೋ ಆಮ್ಲವಾದ ಲೈಸಿನ್ ಮೇಲೆ ಯುಬಿಕ್ವಿಟಿನ್ ಅನ್ನುವ ಸಣ್ಣ ಪ್ರೋಟೀನಿನ ಚೀಟಿ ಅಂಟುತ್ತದೆ. ಯೀಸ್ಟಿನಲ್ಲಿ ಇದನ್ನು ತೋರಿಸಿದ್ದು 2002ರಲ್ಲಿ. ಚೀಟಿ ಕಂಡರೆ ಅಗಲ ಬಾಯಿಯವರು ಓಡಿಬರುತ್ತಾರೆ.

ಸಾಲು ತರುವುದು

ಜೆನ್‌ಬ್ಯಾಂಕ್ ಅನ್ನುವ ಜೀನು ಸಾಲುಗಳ ಭಂಡಾರದಲ್ಲಿ ಮನುಷ್ಯರ ಪ್ರತಿಕಾಯ ಭಾರಸರಣಿಯ (ಪ್ರತಿಕಾಯದ ಎರಡು ಬಗೆಯ ಸರಣಿಗಳಲ್ಲಿ ದೊಡ್ಡದು, ಇನ್ನೊಂದು ಹಗುರಸರಣಿ) ಸಾಲುಗಳು ರಾಶಿ ರಾಶಿ ಇವೆ, ಉಚಿತ. ಒಂದಷ್ಟು ತೆಗೆದುಕೊಂಡು ಫ್ರಾನ್ಸಿನ ಮಾಂಪೆಲಿಯೆಯಲ್ಲಿರುವ ಐಎಂಜಿಟಿ ಅನ್ನುವ ಪ್ರತಿಕಾಯ ಜೀನುಗಳ ಮಾಹಿತಿ ಭಂಡಾರದ ವಿ-ಕ್ವೆಸ್ಟ್ ಪುಟದಲ್ಲಿ ಅಂಟಿಸಿ. ಅದು ನಿಮ್ಮ ಸಾಲಿಗೆ ತೀರಾ ಹತ್ತಿರದ ಮೂಲ ಜೀನನ್ನು ಹುಡುಕಿ, ಎರಡನ್ನೂ ಸಾಲಾಗಿ ಜೋಡಿಸಿ, ಎಲ್ಲೆಲ್ಲಿ ವ್ಯತ್ಯಾಸ ಅಂತ ಪಟ್ಟಿ ಕೊಡುತ್ತದೆ. ಆ ಪಟ್ಟಿಯನ್ನು ಹಾಗೇ ನಂಬಬೇಡಿ. ಎಕ್ಸೆಲ್ಲಿಗೆ ಹಾಕುವ ಮುಂಚೆ ಕಸ ಆರಿಸಬೇಕು.

ಮೊದಲನೆಯ ಇಪ್ಪತ್ತು ಚಿಲ್ಲರೆ ಅಕ್ಷರಗಳು ಎಷ್ಟೋ ಸಲ ಪಿಸಿಆರ್ (ಟ್ಯೂಬಿನಲ್ಲಿ ಡಿಎನ್‌ಎಯ ಪ್ರತಿ ಹೆಚ್ಚಿಸುವ ವಿಧಾನ) ಶುರುಮಾಡಲು ನಾವೇ ಹಾಕುವ ಪ್ರೈಮರ್ ಅನ್ನುವ ತುಂಡಿನವು, ಕೋಶದವಲ್ಲ. ಅವನ್ನು ಬಿಡಿ. ಹಾಗೇ ಕೊನೆಯಲ್ಲಿ, ಐಎಂಜಿಟಿ ಲೆಕ್ಕದ 104ನೇ ಅಮೈನೋ ಆಮ್ಲವಾದ ಸಿಸ್ಟೀನಿನ ಆಚೆ ಎಣಿಸಬೇಡಿ (104 ಅನ್ನುವುದು ಡಿಎನ್‌ಎ ಅಕ್ಷರದ ಎಣಿಕೆಯಲ್ಲ). ಅಲ್ಲಿ ವಿ, ಡಿ, ಜೆ ತುಂಡುಗಳು ಕೂಡುವ ಬೆಸುಗೆ ಇದೆ, ಬೆಸುಗೆಯಲ್ಲಿ ಮೂಲ ಜೀನಿನಲ್ಲಿ ಇಲ್ಲದ ಅಕ್ಷರಗಳೂ ಸೇರಿರುತ್ತವೆ. ಅವು ತಪ್ಪುಗಳಲ್ಲ, ಸೇರ್ಪಡೆ. ಇನ್ನು ಒಬ್ಬನೇ ಮನುಷ್ಯನ ಎಲ್ಲ ಸಾಲುಗಳಲ್ಲೂ ಒಂದೇ ಜಾಗದಲ್ಲಿ ಅದೇ ವ್ಯತ್ಯಾಸ ಬಂದರೆ ಆತ ಹುಟ್ಟಿದ್ದೇ ಆ ಅಕ್ಷರದ ಜೊತೆ ಅಂತ ಅನುಮಾನಿಸಿ.

ನನ್ನ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಮುಂದಿನದರಲ್ಲಿ. ಒಂದೇ ತಾಯಿಕೋಶದಿಂದ ಬಂದ ಹತ್ತು ಸಾಲುಗಳಲ್ಲಿ ಒಂದೇ ಬದಲಾವಣೆ ಇದ್ದರೆ ಅದನ್ನು ಹತ್ತು ಅಂತ ಬರೆದುಕೊಳ್ಳುತ್ತಾರೆ. ಒಂದು ಪ್ರತಿಯಿಂದ ಇಳಿದ ಹತ್ತು ಪ್ರತಿಗಳು ಹತ್ತು ಸಾಕ್ಷಿಗಳಲ್ಲ ಅಂತ ಕಾಕಾ ಗದರುತ್ತಿದ್ದದ್ದು ಇದಕ್ಕೇ. ಬೆಸುಗೆಯ ಅಕ್ಷರಗಳು ಒಂದೇ ಆಗಿದ್ದರೆ ಆ ಸಾಲುಗಳೆಲ್ಲ ಒಂದೇ ಮನೆತನ. ಹಂಚಿಕೊಂಡ ತಪ್ಪು ಒಂದೇ ಸಲ, ಬೇರೆ ಬೇರೆಯಾಗಿ ಆದ ತಪ್ಪು ಬೇರೆ ಬೇರೆ. ಎಣಿಸಬಾರದು ಅಂದೆನಲ್ಲ ಬೆಸುಗೆಯನ್ನು, ಮನೆತನ ಗುರುತಿಸಲು ಮಾತ್ರ ಅದೇ ದಾರಿ.

ಇನ್ನೊಂದು ತೊಡಕು ಆಯ್ಕೆಯದು. ಪ್ರೋಟೀನ್ ಆಗುವ ಭಾಗದಲ್ಲಿ ಕಾಣುವುದು ಆದ ತಪ್ಪುಗಳಲ್ಲ, ಉಳಿದುಕೊಂಡ ತಪ್ಪುಗಳು. ಅದಕ್ಕೇ ಇಲಿಯಲ್ಲಿ ಕೆಲಸ ಮಾಡುವವರು ಭಾರಸರಣಿಯ ಜೆ ತುಂಡುಗಳಲ್ಲಿ ಒಂದಾದ ಜೆಎಚ್4 ಜೀನಿನ ಪಕ್ಕದ ಇಂಟ್ರಾನನ್ನು ಓದುತ್ತಾರೆ, ಸುಮಾರು 500 ಅಕ್ಷರ. ಅದು ಪ್ರೋಟೀನ್ ಆಗುವುದಿಲ್ಲ, ಅಲ್ಲಿನ ತಪ್ಪಿನಿಂದ ಕೋಶಕ್ಕೆ ಲಾಭವೂ ಇಲ್ಲ ನಷ್ಟವೂ ಇಲ್ಲ, ಬರೆದದ್ದು ಬರೆದಂತೆ ಉಳಿಯುತ್ತದೆ. ನಾನು ಓದಿದ್ದೂ ಅದನ್ನೇ. ಇಲಿಯ ಕರುಳಿಗಂಟಿದ ಪೇಯರ್ಸ್ ಪ್ಯಾಚುಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ದಯೆಯಿಂದ ಜರ್ಮಿನಲ್ ಸೆಂಟರ್ ವರ್ಷವಿಡೀ ನಡೆದೇ ಇರುತ್ತದೆ, ಇಲಿಗೆ ಲಸಿಕೆ ಕೊಡುವ ಗೋಜಿಲ್ಲ.

ಹನ್ನೆರಡು ಖಾನೆ

ಎಕ್ಸೆಲ್ಲಿನಲ್ಲಿ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು. ಎಡಗಡೆ ಮೂಲ ಅಕ್ಷರ, ಮೇಲೆ ಬದಲಾದ ಅಕ್ಷರ. ಕರ್ಣದ ನಾಲ್ಕು ಖಾನೆ ಖಾಲಿ, ಉಳಿದದ್ದು ಹನ್ನೆರಡು. ಪ್ರತಿ ಬದಲಾವಣೆಗೂ ಸರಿಯಾದ ಖಾನೆಯಲ್ಲಿ ಒಂದು ಗೀಟು. ಎಲ್ಲವನ್ನೂ ಪ್ರೋಟೀನ್ ಬರೆಯುವ ಎಳೆಯ ದಿಕ್ಕಿನಲ್ಲೇ ಓದಿ, ನಡುವೆ ಎಳೆ ಬದಲಿಸಬೇಡಿ.

ಗೀಟು ಹಾಕಿದ ಮೇಲೆ ಭಾಗಿಸಬೇಕು. ನಿಮ್ಮ ಸಾಲಿನಲ್ಲಿ ನೂರಕ್ಕೆ 30 ಎ, 18 ಸಿ ಇದ್ದವು ಅಂದುಕೊಳ್ಳಿ. ಎ ಮೇಲೆ 30 ತಪ್ಪು, ಸಿ ಮೇಲೆ 18 ತಪ್ಪು ಸಿಕ್ಕರೆ ಎ ಜಾಸ್ತಿ ಕೆಟ್ಟಿದೆ ಅನ್ನುವಂತಿಲ್ಲ, ಎರಡೂ ಸಮ. ಇಷ್ಟು ಸರಳ ಲೆಕ್ಕ, ಆದರೂ ಪ್ರತಿ ವರ್ಷ ಯಾರಾದರೊಬ್ಬರು ಮರೆತು ನನ್ನ ಮುಂದೆ ಹೊಸ ಸಿದ್ಧಾಂತ ಹಿಡಿದುಕೊಂಡು ನಿಲ್ಲುತ್ತಾರೆ.

ಈಗ ಬಣ್ಣ ಹಚ್ಚಿ. ಸಿ ಹೋಗಿ ಟಿ, ಜಿ ಹೋಗಿ ಎ: ಇವೆರಡು ಖಾನೆಗೆ ನೀಲಿ. ಸಿ ಹೋಗಿ ಜಿ ಅಥವಾ ಎ, ಜಿ ಹೋಗಿ ಸಿ ಅಥವಾ ಟಿ: ಈ ನಾಲ್ಕಕ್ಕೆ ಕೆಂಪು. ಎ ಮತ್ತು ಟಿ ಸಾಲಿನ ಆರೂ ಖಾನೆಗೆ ಹಸಿರು. ನಾಲ್ಕನೆಯ ಪೆನ್ನು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನೀಲಿ ಅಂದರೆ ಎಐಡಿಯ ಬರಿಗಾಲ ಹೆಜ್ಜೆ. ಸಿ ಯು ಆಯಿತು, ಯಾರೂ ಗಮನಿಸುವ ಮೊದಲೇ ನಕಲು ಆಯಿತು. ಮಾಮೂಲಿ ಪಾಲಿಮರೇಸಿಗೆ ಯು ಕಂಡರೆ ಟಿ ಕಂಡಂತೆಯೇ. ಎದುರಿಗೆ ಎ ಇಟ್ಟು ಹೋಗುತ್ತದೆ. ಇಲ್ಲಿ ತೂತೇ ಇಲ್ಲ, ಟಾಲರೆನ್ಸಿಗೆ ಕೆಲಸವೂ ಇಲ್ಲ.

ಕೆಂಪು ಅಂದರೆ ತೂತು. ಯು ಕಂಡರೆ ಕಿತ್ತುಹಾಕುವ ಯುಎನ್‌ಜಿ ಅನ್ನುವ ಎಂಜೈಮು ನಮ್ಮ ಕೋಶಗಳಲ್ಲಿ ಸದಾ ಪಹರೆ ಕಾಯುತ್ತಿರುತ್ತದೆ. ಅದು ಅಕ್ಷರವನ್ನಷ್ಟೇ ಕೀಳುತ್ತದೆ, ಎಳೆ ಹಾಗೇ ಇರುತ್ತದೆ. ಬೇರೆ ಕೋಶದಲ್ಲಾದರೆ ರಿಪೇರಿಯವರು ಬಂದು ಎದುರು ಎಳೆಯ ಜಿ ನೋಡಿ ಮತ್ತೆ ಸಿ ಹಾಕುತ್ತಾರೆ, ಕಥೆ ಮುಗಿಯಿತು. ಬಿ-ಕೋಶದಲ್ಲಿ ಆ ಖಾಲಿ ಜಾಗ ರಿಪೇರಿಯಾಗದೆ ನಕಲಿನ ಹೊತ್ತಿನವರೆಗೂ ಉಳಿದರೆ ನಕಲುಗಾರ ಅಲ್ಲಿಗೆ ಬಂದು ನಿಲ್ಲುತ್ತಾನೆ. ಆಗ ಬರುವವರಲ್ಲಿ ಒಬ್ಬ ರೆವ್1. ಇವನಿಗೆ ಹೆಚ್ಚುಕಡಿಮೆ ಒಂದೇ ಅಕ್ಷರ ಬರೆಯಲು ಬರುತ್ತದೆ, ಸಿ. ಖಾಲಿ ಜಾಗದ ಎದುರು ಸಿ ಕೂರಿಸಿದರೆ ಮುಂದಿನ ನಕಲಿನಲ್ಲಿ ಅದರ ಜೋಡಿ ಜಿ. ಅಂದರೆ ಮೊದಲು ಸಿ ಇದ್ದಲ್ಲಿ ಈಗ ಜಿ. ನಿಮ್ಮ ಕೆಂಪು ಖಾನೆಗಳಲ್ಲಿ ಸಿ ಹೋಗಿ ಜಿ, ಜಿ ಹೋಗಿ ಸಿ ಇವೆರಡನ್ನು ಇನ್ನೊಮ್ಮೆ ದಪ್ಪಗೆ ಬರೆಯಿರಿ, ಅದು ರೆವ್1ನ ಕೈ. 2006ರಲ್ಲಿ ರೆವ್1 ಇಲ್ಲದ ಇಲಿಗಳನ್ನು ನೋಡಿದಾಗ ಕುಸಿದದ್ದು ಈ ಜಾತಿಯ ಬದಲಾವಣೆಯೇ.

ಹಸಿರು ಎಲ್ಲಕ್ಕಿಂತ ಸೊಗಸು, ಎಲ್ಲಕ್ಕಿಂತ ವಿಚಿತ್ರ. ಯು ಮತ್ತು ಜಿ ಎದುರುಬದುರಾಗಿ ಕೂತ ಕಡೆ ಎಳೆ ಸ್ವಲ್ಪ ಉಬ್ಬಿದಂತಿರುತ್ತದೆ. ಹೊಂದದ ಜೋಡಿಗಳನ್ನು ಹುಡುಕುವ ಎಂಎಸ್‌ಎಚ್2, ಎಂಎಸ್‌ಎಚ್6 ಅನ್ನುವ ಜೋಡಿ ಪ್ರೋಟೀನುಗಳು ಅದನ್ನು ಹಿಡಿಯುತ್ತವೆ. ಎಕ್ಸೊ1 ಬಂದು ಯು ಒಂದನ್ನೇ ಅಲ್ಲ, ಸುತ್ತಲಿನ ಒಂದು ಪಟ್ಟಿಯನ್ನೇ ಕೆರೆದು ಹಾಕುತ್ತದೆ. ಈಗ ಆ ಪಟ್ಟಿ ತುಂಬಬೇಕು. ಎದುರು ಎಳೆ ಚೆನ್ನಾಗಿದೆ, ಅದರಲ್ಲಿ ಯಾವ ಹಾನಿಯೂ ಇಲ್ಲ, ಮಾಮೂಲಿ ಪಾಲಿಮರೇಸ್ ನೋಡಿಕೊಂಡು ಸರಿಯಾಗಿ ತುಂಬಬಹುದಿತ್ತು. ಹಾಗಾಗುವುದಿಲ್ಲ. ಪಿಸಿಎನ್‌ಎ ಬಳೆಗೆ ಚೀಟಿ ಅಂಟುತ್ತದೆ, ಪಾಲ್ ಈಟಾ ಬಂದು ಕೂರುತ್ತದೆ.

ಈಟಾದ ಸ್ವಂತ ಕಸುಬೇನು ಗೊತ್ತೇ? ಬಿಸಿಲು. ಸೂರ್ಯನ ಅತಿನೇರಳೆ ಕಿರಣ ಬಿದ್ದಾಗ ಚರ್ಮದ ಡಿಎನ್‌ಎಯಲ್ಲಿ ಅಕ್ಕಪಕ್ಕದ ಎರಡು ಟಿ ಅಂಟಿಕೊಂಡುಬಿಡುತ್ತವೆ. ಈಟಾ ಆ ಅಂಟಿದ ಜೋಡಿಯ ಎದುರು ಎರಡು ಎ ಸರಿಯಾಗಿ ಇಟ್ಟು ದಾಟುತ್ತದೆ. ಅಂಥ ಜಾಗದಲ್ಲಿ ಅದು ತಪ್ಪು ಮಾಡುವುದು ಅಪರೂಪ. ಆದರೆ ಹಾನಿಯೇ ಇಲ್ಲದ ಶುದ್ಧ ಎಳೆ ಕೊಟ್ಟರೆ ನೂರರಿಂದ ಸಾವಿರ ಅಕ್ಷರಕ್ಕೆ ಒಂದರ ಲೆಕ್ಕದಲ್ಲಿ ತಪ್ಪುತ್ತದೆ, ಅದರಲ್ಲೂ ಟಿ ಎದುರು ಎ ಇಡುವ ಬದಲು ಜಿ ಇಡುವುದು ಅದರ ದೊಡ್ಡ ಚಟ. ನಮ್ಮ ಪಟ್ಟಿಯಲ್ಲಿ ಅದು ಎ ಹೋಗಿ ಜಿ ಅಂತ ಕಾಣುತ್ತದೆ. ತೂತಿನ ಮೇಲೆ ಬರೆಯಲು ಪಳಗಿದ ಲಿಪಿಕಾರನನ್ನು ಹಿಡಿದು ತಂದು ಹೊಸ ಗರಿಯ ಮುಂದೆ ಕೂರಿಸಿದ ಹಾಗೆ. ಬಿ-ಕೋಶಕ್ಕೆ ಬೇಕಾದ್ದೂ ಅವನ ತಪ್ಪುಗಳೇ.

ಹುಟ್ಟಿನಿಂದಲೇ ಈಟಾ ಇಲ್ಲದವರು ಇದ್ದಾರೆ. ಜೆರೋಡರ್ಮಾ ಪಿಗ್‌ಮೆಂಟೋಸಮ್ ಅನ್ನುವ ಕಾಯಿಲೆಯ ವೇರಿಯಂಟ್ ಬಗೆ ಅದು. ಬಿಸಿಲಿಗೆ ಚರ್ಮ ತಡೆಯುವುದಿಲ್ಲ, ಚರ್ಮದ ಕ್ಯಾನ್ಸರ್ ಬರುತ್ತದೆ. ಕಾರಣ ಈಟಾ ಅಂತ ತಿಳಿದದ್ದು 1999ರಲ್ಲಿ. ಎರಡು ವರ್ಷದ ನಂತರ, 2001ರಲ್ಲಿ, ಅಮೆರಿಕದ ಪೆಟ್ರೀಷಿಯಾ ಗಿಯರ್‌ಹಾರ್ಟ್ ಅವರ ತಂಡ ಇಂಥವರ ಪ್ರತಿಕಾಯ ಜೀನುಗಳನ್ನು ಓದಿತು. ಒಟ್ಟು ತಪ್ಪುಗಳ ಸಂಖ್ಯೆ ಮಾಮೂಲಿಯೇ. ಆದರೆ ಎ, ಟಿ ಮೇಲಿನವು ಕಡಿಮೆ. ಬರೀ ಎಷ್ಟು ಅಂತ ಎಣಿಸಿ ಎದ್ದುಬಿಟ್ಟಿದ್ದರೆ ಏನೂ ಕಾಣುತ್ತಿರಲಿಲ್ಲ. ಕಾಕಾನಿಗೆ ಇದನ್ನು ಫೋನಿನಲ್ಲಿ ಹೇಳಿದಾಗ ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಕೈ ಅಭ್ಯಾಸಕ್ಕೆ ಒಂದು ಸಾಲು

ಇದು ನಾನೇ ಕಟ್ಟಿದ ಆಟದ ಸಾಲು, ಯಾವ ಜೀನಿನದೂ ಅಲ್ಲ. ಮೂಲ: ಟಿ-ಎ-ಜಿ-ಸಿ-ಟಿ-ಎ-ಸಿ-ಟಿ-ಎ-ಎ. ಕೋಶದಲ್ಲಿ ಸಿಕ್ಕದ್ದು: ಟಿ-ಎ-ಜಿ-ಜಿ-ಟಿ-ಎ-ಟಿ-ಟಿ-ಜಿ-ಎ. ನಾಲ್ಕನೆಯದು ಸಿ ಹೋಗಿ ಜಿ, ಏಳನೆಯದು ಸಿ ಹೋಗಿ ಟಿ, ಒಂಬತ್ತನೆಯದು ಎ ಹೋಗಿ ಜಿ. ಕೆಂಪು, ನೀಲಿ, ಹಸಿರು.

ಈಗ ಅಕ್ಕಪಕ್ಕ ನೋಡಿ. ಎಐಡಿಗೆ ಇಷ್ಟದ ಜಾಗವಿದೆ: ಮೊದಲು ಎ ಅಥವಾ ಟಿ, ನಂತರ ಎ ಅಥವಾ ಜಿ, ಆಮೇಲೆ ಸಿ. ನಾಲ್ಕನೆಯ ಸಿಗೆ ಹಿಂದೆ ಎ-ಜಿ ಇದೆ, ಏಳನೆಯದಕ್ಕೆ ಟಿ-ಎ ಇದೆ. ಎರಡೂ ಹೊಂದಿದವು. ಈಟಾಕ್ಕೂ ಇಷ್ಟದ ಜಾಗವಿದೆ: ಎ ಅಥವಾ ಟಿ ಬೆನ್ನಿಗೇ ಇರುವ ಎ. ಒಂಬತ್ತನೆಯ ಎ ಹಿಂದೆ ಟಿ ಇದೆ, ಹೊಂದಿತು. ಇಂಥ ಜಾಗಗಳಿಗೆ ನಾಲ್ಕನೆಯ ಪೆನ್ನಿನಿಂದ ಅಡಿಗೆರೆ ಎಳೆಯಿರಿ. ಆಮೇಲೆ ಅಡಿಗೆರೆ ಇರುವ ಎ ಎಷ್ಟು ಕೆಟ್ಟವು, ಇಲ್ಲದ ಎ ಎಷ್ಟು ಕೆಟ್ಟವು ಅಂತ ಹೋಲಿಸಿ. ಈಟಾ ಬಂದಿದ್ದರೆ ಅಡಿಗೆರೆಯ ಪಾಲು ಎದ್ದು ಕಾಣುತ್ತದೆ. ಜೀನು ಕೂಡ ಇದನ್ನು ಬಲ್ಲಂತಿದೆ. ರೋಗಾಣು ಹಿಡಿಯುವ ತುದಿಗಳಲ್ಲಿ ಸೆರಿನ್ ಅನ್ನುವ ಅಮೈನೋ ಆಮ್ಲ ಬೇಕಾದಾಗ ಎ-ಜಿ-ಸಿಯಂಥ ಎಐಡಿಗೆ ಪ್ರಿಯವಾದ ಕೋಡಾನ್ (ಒಂದು ಅಮೈನೋ ಆಮ್ಲವನ್ನು ಸೂಚಿಸುವ ಮೂರಕ್ಷರ), ಚೌಕಟ್ಟಿನ ಭಾಗದಲ್ಲಿ ಸೆರಿನ್ ಬೇಕಾದಾಗ ಟಿ-ಸಿಯಿಂದ ಶುರುವಾಗುವ ಬೇರೆ ಕೋಡಾನ್.

ಒಂದು ಎಚ್ಚರಿಕೆ. ಒಂದೊಂದು ಅಕ್ಷರಕ್ಕೂ ಒಬ್ಬೊಬ್ಬ ಕಳ್ಳನನ್ನು ಹಿಡಿಯಲು ಹೋಗಬೇಡಿ. ಏಳನೆಯ ಸಿ ಟಿ ಆದದ್ದು ನೇರ ನಕಲಿನಿಂದ ಇರಬಹುದು, ಯುಎನ್‌ಜಿ ಕಿತ್ತ ತೂತಿನ ಎದುರು ಯಾರೋ ಎ ಇಟ್ಟದ್ದರಿಂದಲೂ ಇರಬಹುದು. ನೂರಾರು ತಪ್ಪು ಕೂಡಿದ ಮೇಲಷ್ಟೇ ಕೈ ಕಾಣುವುದು.

ಯಾವ ಖಾನೆ ಬರಿದಾಗಿದೆ?

ಪಟ್ಟಿಯ ನಿಜವಾದ ಉಪಯೋಗ ಹೋಲಿಕೆಯಲ್ಲಿ. ಯಾವುದೋ ಒಂದು ಪ್ರೋಟೀನ್ ತೆಗೆದ ಇಲಿಯ ಪಟ್ಟಿಯನ್ನು ಮಾಮೂಲಿ ಇಲಿಯ ಪಟ್ಟಿಯ ಪಕ್ಕ ಇಡಿ. ಯಾವ ಬಣ್ಣ ಮಾಸಿದೆ ಅಂತ ನೋಡಿ.

ಯುಎನ್‌ಜಿ ತೆಗೆದರೆ ತೂತು ಬೀಳುವುದಿಲ್ಲ, ಕೆಂಪು ಹೋಗಿ ಸಿ-ಜಿ ಮೇಲೆ ಹೆಚ್ಚುಕಡಿಮೆ ಬರೀ ನೀಲಿ ಉಳಿಯುತ್ತದೆ, ಹಸಿರು ಇರುತ್ತದೆ. ಎಂಎಸ್‌ಎಚ್2 ತೆಗೆದರೆ ಹಸಿರು ಬಹಳ ಮಾಸುತ್ತದೆ. ಎರಡನ್ನೂ ತೆಗೆದದ್ದು ಕೇಂಬ್ರಿಜ್‌ನ ಮೈಕೆಲ್ ನ್ಯೂಬರ್ಗರ್ ಅವರ ಲ್ಯಾಬು, 2004ರಲ್ಲಿ ಪ್ರಕಟವಾಯಿತು: ಕೆಂಪೂ ಇಲ್ಲ ಹಸಿರೂ ಇಲ್ಲ, ಪೂರ್ತಿ ನೀಲಿ. ನನ್ನ ದೃಷ್ಟಿಯಲ್ಲಿ ಈ ವಿಷಯದ ಅತಿ ಸುಂದರವಾದ ಪ್ರಯೋಗ ಅದು. ಟಾಲರೆನ್ಸಿನವರು ಕಾಲಿಡಲು ಜಾಗವೇ ಕೊಡದಿದ್ದರೆ ಎಐಡಿ ಒಂದೇ ಏನು ಬರೆಯುತ್ತದೆ ಅನ್ನುವುದು ಬರಿಗಣ್ಣಿಗೆ ಕಾಣುತ್ತದೆ.

ಇನ್ನೂ ಸೂಕ್ಷ್ಮವಾದದ್ದು 2007ರಲ್ಲಿ ಆಮ್‌ಸ್ಟರ್‌ಡ್ಯಾಮಿನ ನೆದರ್‌ಲ್ಯಾಂಡ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟಿನಿಂದ ಬಂತು. ಅವರು ಯಾವ ಪಾಲಿಮರೇಸನ್ನೂ ಮುಟ್ಟಲಿಲ್ಲ. ಪಿಸಿಎನ್‌ಎಯ 164ನೇ ಲೈಸಿನನ್ನು ಮಾತ್ರ ಆರ್ಜಿನಿನ್ ಮಾಡಿದರು, ಚೀಟಿ ಅಂಟಲು ಜಾಗವಿಲ್ಲದಂತೆ. ಈಟಾ ಇದ್ದರೂ ಕರೆಯುವ ಗಂಟೆ ಬಾರಿಸುವುದಿಲ್ಲ. ಆ ಇಲಿಯ ಪಟ್ಟಿಯಲ್ಲಿ ಹಸಿರು ಕುಸಿದಿತ್ತು. ಈಟಾ ಇಲ್ಲದ ಇಲಿಯ ಪಟ್ಟಿಯ ಪಕ್ಕ ಇಟ್ಟರೆ ಎರಡೂ ಒಂದೇ ಮನೆಯವು ಅನ್ನಿಸುತ್ತದೆ. ಹಸಿರು ಖಾನೆಗೂ ಟಾಲರೆನ್ಸಿನ ಗಂಟೆಗೂ ನೇರ ನಂಟಿದೆ ಅನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಎಲ್ಲ ಅಗಲಬಾಯಿಯವರನ್ನೂ ಹೀಗೆ ಹೊಣೆ ಮಾಡಬೇಡಿ. 129 ಅನ್ನುವ ತಳಿಯ ಇಲಿಗಳಲ್ಲಿ ಐಯೋಟಾ ಹುಟ್ಟಾ ಕೆಟ್ಟಿದೆ, ಆದರೂ ಅವುಗಳ ಪಟ್ಟಿ ಮಾಮೂಲಿಯದರಂತೆಯೇ ಇರುತ್ತದೆ. ನಿಮ್ಮ ಸಾಲು ಡಿಟಿ40 ಅನ್ನುವ ಕೋಳಿಯ ಬಿ-ಕೋಶದಿಂದ ಬಂದಿದ್ದರೆ ಹಸಿರು ಹುಡುಕುವುದೇ ದಂಡ, ಅಲ್ಲಿ ಸಿ-ಜಿ ಮೇಲಿನವೇ ಹೆಚ್ಚು. ಕೋಳಿಯ ರೂಢಿಯೇ ಬೇರೆ. ತೂತು ಬಿದ್ದಾಗ ಪಕ್ಕದಲ್ಲಿರುವ, ತಾವೇ ಪ್ರೋಟೀನ್ ಆಗದ ಹುಸಿ ಜೀನುಗಳನ್ನು ನೋಡಿಕೊಂಡು ನಕಲು ಮಾಡುತ್ತದೆ, ಹಗುರಸರಣಿಯಲ್ಲಿ ಅಂಥವು 25 ಇವೆ. ಹಾಗೆ ನೋಡಿ ಬರೆಯಲು ಬೇಕಾದ ಎಕ್ಸ್‌ಆರ್‌ಸಿಸಿ2ರಂಥ ಪ್ರೋಟೀನು ತೆಗೆದರೆ ಅದೇ ಕೋಶ ತೋಚಿದ್ದನ್ನು ಬರೆಯಲು ಶುರುಮಾಡುತ್ತದೆ.

ನಾನು ಮೂರು ವಾರ ಕುಣಿದದ್ದು

ಇದನ್ನು ನಾಚಿಕೆಯಿಂದಲೇ ಬರೆಯುತ್ತೇನೆ. ಈಟಾ ಕೆಡಿಸಿದ ಇಲಿಯ ಜೆಎಚ್4 ಇಂಟ್ರಾನ್ ನನ್ನ ಮೊದಲ ಕೆಲಸ. ಕೋಶ ಬೇರ್ಪಡಿಸಿದೆ, ಪಿಸಿಆರ್ ಮಾಡಿದೆ, ಕ್ಲೋನ್ ಮಾಡಿದೆ, ಸೀಕ್ವೆನ್ಸಿಂಗಿಗೆ ಕಳಿಸಿದೆ. ಬಂದ ಪಟ್ಟಿಯಲ್ಲಿ ಹಸಿರು ಕುಸಿಯಬೇಕಿತ್ತು. ಕುಸಿದಿರಲಿಲ್ಲ. ಎ ಹೋಗಿ ಜಿ ಖಾನೆಯಲ್ಲಿ ಗೀಟುಗಳ ಸಂತೆ. ಈಟಾ ಇಲ್ಲದಿದ್ದರೂ ಈಟಾದ ಕೆಲಸ ಮಾಡುವ ಹೊಸ ಪಾಲಿಮರೇಸು! ಮೂರು ವಾರ ನನಗೆ ನೆಲ ಕಾಣಲಿಲ್ಲ. ಮನೆಗೆ ಫೋನ್ ಮಾಡಿ ಏನೋ ಸಿಕ್ಕಿದೆ ಅಂದಿದ್ದೆ.

ಹೊಸದೇನೂ ಇರಲಿಲ್ಲ. ಫ್ರೀಜರಿನಲ್ಲಿ ಕೈಗೆ ಮೊದಲು ಸಿಕ್ಕ ಟ್ಯೂಬಿನಲ್ಲಿ ಇದ್ದದ್ದು ಸಾದಾ ಟ್ಯಾಕ್, ಪಿಸಿಆರ್‌ಗೆ ಬಳಸುವ ಒಂದು ಪಾಲಿಮರೇಸ್. ಟ್ಯಾಕ್ ತಾನು ಬರೆದದ್ದನ್ನು ತಿದ್ದುವುದಿಲ್ಲ, ಮತ್ತು ಅದರ ಮುಖ್ಯ ತಪ್ಪು ಎ ಹೋಗಿ ಜಿ, ಟಿ ಹೋಗಿ ಸಿ. ಈಟಾದ ಕೈಬರಹವನ್ನೇ ಹೋಲುವ ಇನ್ನೊಂದು ಕೈಬರಹ. 35 ಸುತ್ತು ಪಿಸಿಆರ್‌ನಲ್ಲಿ ಅದು ನನ್ನ ಪಟ್ಟಿಯನ್ನು ತುಂಬಿಸಿತ್ತು. ಬಾಲದ ಚರ್ಮದ ಡಿಎನ್‌ಎಯನ್ನು ಅದೇ ಟ್ಯೂಬಿನಿಂದ ಪಿಸಿಆರ್ ಮಾಡಿದಾಗ ಅಲ್ಲೂ ಅವೇ ತಪ್ಪುಗಳು. ಬಾಲದಲ್ಲಿ ಎಲ್ಲಿಯ ಹೈಪರ್‌ಮ್ಯುಟೇಶನ್?

ಹೊಟ್ಟೆ ಉರಿದದ್ದು ಇದಕ್ಕಲ್ಲ. ಬಾಲದವರೆಗೆ ಹೋಗುವ ಅಗತ್ಯವೇ ಇರಲಿಲ್ಲ, ಉತ್ತರ ಪಟ್ಟಿಯಲ್ಲೇ ಇತ್ತು. ನಿಜವಾದ ಹೈಪರ್‌ಮ್ಯುಟೇಶನ್‌ನಲ್ಲಿ ಎ ಮೇಲಿನ ತಪ್ಪುಗಳು ಟಿ ಮೇಲಿನವುಗಳ ಸುಮಾರು ಎರಡು ಪಟ್ಟು ಇರುತ್ತವೆ, ಎರಡು ಎಳೆಗಳಲ್ಲಿ ಒಂದರ ಮೇಲೆ ಈಟಾಕ್ಕೆ ಒಲವು. ಟ್ಯಾಕ್‌ಗೆ ಅಂಥ ಒಲವಿಲ್ಲ. ಟ್ಯೂಬಿನಲ್ಲಿ ಎರಡೂ ಎಳೆ ಅದಕ್ಕೆ ಒಂದೇ. ನನ್ನ ಪಟ್ಟಿಯಲ್ಲಿ ಎ, ಟಿ ಎರಡೂ ಹೆಚ್ಚುಕಡಿಮೆ ಸಮ ಇದ್ದವು. ಎರಡು ಅಂಕಿ ಅಕ್ಕಪಕ್ಕ ಕೂತು ನನ್ನ ಮುಖ ನೋಡುತ್ತಿದ್ದವು, ನಾನು ನೋಡಲಿಲ್ಲ.

ಹಾಗಾಗಿ ಲ್ಯಾಬಿನಲ್ಲಿ ಮಾಡುವವರು ಪ್ರೂಫ್‌ರೀಡಿಂಗ್ ಇರುವ ಎಂಜೈಮನ್ನೇ ಬಳಸಿ, ಟ್ಯೂಬಿನ ಹೆಸರು ಎರಡು ಸಲ ಓದಿ, ಹೈಪರ್‌ಮ್ಯುಟೇಶನ್ ಆಗದ ಅಂಗಾಂಶದ ಡಿಎನ್‌ಎಯನ್ನು ಪಕ್ಕದಲ್ಲೇ ಓಡಿಸಿ. ಕಂಪ್ಯೂಟರಿನಲ್ಲಿ ಮಾತ್ರ ಮಾಡುವವರು ಬೇರೆಯವರ ಸಾಲು ತೆಗೆದುಕೊಳ್ಳುವಾಗ ಯಾವ ಎಂಜೈಮಿನಿಂದ ಪಿಸಿಆರ್ ಮಾಡಿದ್ದಾರೆ ಅಂತ ಆ ಪ್ರಬಂಧದ ವಿಧಾನ ಭಾಗದಲ್ಲಿ ನೋಡಿ.

ಇದೆಲ್ಲ ಯಾತಕ್ಕೆ ಅಂತ ಕೇಳುವವರಿಗೆ ಒಂದು ಹತ್ತಿರದ ಉದಾಹರಣೆ. ಸಿಎಲ್ಎಲ್ ಅನ್ನುವ ರಕ್ತದ ಕ್ಯಾನ್ಸರಿನ ರಿಪೋರ್ಟಿನಲ್ಲಿ ಐಜಿಎಚ್‌ವಿ (ಭಾರಸರಣಿಯ ವಿ ಜೀನು) ಮ್ಯುಟೇಟೆಡ್ ಅಥವಾ ಅನ್‌ಮ್ಯುಟೇಟೆಡ್ ಅಂತ ಒಂದು ಸಾಲು ಇರುತ್ತದೆ. ನಾವು ಈಗ ಮಾಡಿದ ಹೋಲಿಕೆಯೇ ಅದು. ಮೂಲ ಜೀನಿಗೆ ಹೋಲಿಕೆ ಶೇ. 98ಕ್ಕಿಂತ ಕಡಿಮೆ ಇದ್ದರೆ ಮ್ಯುಟೇಟೆಡ್, ಅಂಥವರಲ್ಲಿ ಕಾಯಿಲೆ ಸಾಮಾನ್ಯವಾಗಿ ನಿಧಾನ. ನೆಂಟರೊಬ್ಬರ ರಿಪೋರ್ಟು ವಾಟ್ಸ್ಯಾಪಿನಲ್ಲಿ ಬಂದಾಗ ಮ್ಯುಟೇಟೆಡ್ ಅನ್ನುವ ಪದ ನೋಡಿ ಮನೆಯವರೆಲ್ಲ ಹೌಹಾರಿದ್ದರು. ಇಲ್ಲಿ ಆ ಪದ ಒಳ್ಳೆಯ ಸುದ್ದಿ ಅಂತ ಅತ್ತಿಗೆಗೆ ಅರ್ಥಮಾಡಿಸಲು ಅರ್ಧ ಗಂಟೆ ಬೇಕಾಯಿತು, ಮುಂದಿನದನ್ನು ಡಾಕ್ಟರ ಬಳಿಯೇ ಕೇಳಿ ಅಂದೆ.

ಶುರುಮಾಡಲು ಒಂದು ಸಾಲು ಬೇಕು ಅನ್ನುವವರು ಜೆನ್‌ಬ್ಯಾಂಕಿನಲ್ಲಿ ವಿಆರ್‌ಸಿ01 ಹುಡುಕಿ. ಎಚ್ಐವಿಯ ಬಗೆಬಗೆಯ ತಳಿಗಳನ್ನು ತಡೆಯುವ ಪ್ರತಿಕಾಯ ಅದು, 2010ರಲ್ಲಿ ಪ್ರಕಟವಾಯಿತು. ಭಾರಸರಣಿಯ ಸಾಲನ್ನು ವಿ-ಕ್ವೆಸ್ಟಿಗೆ ಹಾಕಿದರೆ ಮೂಲ ಐಜಿಎಚ್‌ವಿ1-2 ಅಂತ ತೋರಿಸುತ್ತದೆ, ವಿ ಭಾಗದ ಅಕ್ಷರಗಳಲ್ಲಿ ಸುಮಾರು ಮೂರರಲ್ಲೊಂದು ಬದಲಾಗಿರುತ್ತದೆ. ವರ್ಷಗಟ್ಟಲೆ ಕೆಡಿಸಿ ಆರಿಸಿದ ಸಾಲು. ಒಂದೇ ಸಾಲು, ಅದೂ ಆಯ್ಕೆಯಾದದ್ದು, ಆದ್ದರಿಂದ ಅದರ ಮೇಲೆ ತೀರ್ಮಾನ ಕಟ್ಟಬೇಡಿ. ಕೈ ಪಳಗಲಿ ಅಂತ ಮಾತ್ರ. ಹನ್ನೆರಡು ಖಾನೆ ಬರೆಯಿರಿ, ಮೊದಲ ಇಪ್ಪತ್ತು ಅಕ್ಷರ ಬಿಡಿ, 104ನೇ ಸಿಸ್ಟೀನಿಗೆ ನಿಲ್ಲಿಸಿ, ಭಾಗಿಸಿ, ಬಣ್ಣ ಹಚ್ಚಿ. ಆಮೇಲೆ ಅದೇ ಹಾಳೆಯನ್ನು ಇಪ್ಪತ್ತು ಬೇರೆ ಬೇರೆ ಮನೆತನದ ಸಾಲುಗಳೊಂದಿಗೆ ಮತ್ತೆ ತುಂಬಿ, ಎ ಎಷ್ಟು ಟಿ ಎಷ್ಟು ಅಂತ ಮೊದಲು ನೋಡಿ.